ಹೊರೆ ಅಷ್ಟೇ ಇದ್ದರೂ ಒತ್ತಡ ಇಳಿಸಬಹುದು: ಹತ್ತನೇ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯ ಕೆಲಸ

ಇಂಟರ್ನ್‌ಶಿಪ್‌ಗೆ ಹೋದ ಪ್ರಶಿಕ್ಷಣಾರ್ಥಿಗಳ ದಿನಚರಿಯಲ್ಲಿ, ಅದರಲ್ಲೂ ಹತ್ತನೇ ತರಗತಿಗೆ ಪಾಠ ಮಾಡಿದವರ ದಿನಚರಿಯಲ್ಲಿ, ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಮಕ್ಕಳು ತುಂಬಾ ಒತ್ತಡದಲ್ಲಿದ್ದಾರೆ.’ ಅದರ ಮುಂದೆ ‘ಕೈಗೊಂಡ ಕ್ರಮ’ ಎಂಬಲ್ಲಿ ಹೆಚ್ಚಿನವರು ಬರೆಯುವುದು ‘ಧೈರ್ಯ ತುಂಬಲಾಯಿತು’ ಎಂದು. ಧೈರ್ಯ ಹೇಳುವುದು ಒಳ್ಳೆಯದೇ. ಆದರೆ ಧೈರ್ಯ ಹೇಳಿಸಿಕೊಂಡ ಮಗುವಿನ ಮುಂದೆ ಮರುದಿನವೂ ಅದೇ ಆರು ವಿಷಯಗಳು, ಅದೇ ಮುಗಿಯದ ಪಾಠಗಳು, ಮನೆಯಲ್ಲಿ ಅದೇ ಕೆಲಸಗಳು ಇರುತ್ತವೆ. ಎರಡು ದಿನಕ್ಕೆ ಧೈರ್ಯ ಕರಗಿ ಒತ್ತಡ ಮಾತ್ರ ಉಳಿಯುತ್ತದೆ.

ಹಾಗಾದರೆ ತರಗತಿಯಲ್ಲಿ ನಿಂತ ಶಿಕ್ಷಕರು ಮಾಡಬಹುದಾದದ್ದು ಏನು? ನಾನು ವಿಜ್ಞಾನ ಬೋಧನಾ ವಿಧಾನ ಕಲಿಸುವವಳು. ಆದ್ದರಿಂದ ಈ ಪ್ರಶ್ನೆಗೆ ವಿಜ್ಞಾನದ ಪಾಠವೊಂದರಿಂದಲೇ ಉತ್ತರ ಹುಡುಕುತ್ತೇನೆ. ಇಲ್ಲಿ ಹೇಳುವ ಕ್ರಮಗಳಿಗೆ ಪ್ರತ್ಯೇಕ ಅವಧಿಯಾಗಲಿ, ಖರ್ಚಾಗಲಿ ಬೇಡ. ನಾವು ಬರೆಯುವ ಪಾಠಯೋಜನೆಯೊಳಗೇ ಅವುಗಳಿಗೆ ಜಾಗವಿದೆ.

ಸಿಂಬಿಯ ಪಾಠ

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠವನ್ನು ನಮ್ಮಲ್ಲಿ ಅನೇಕರು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುತ್ತಾರೆ. ಒಂದು ಮೇಲ್ಮೈಯ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲವೇ ಒತ್ತಡ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಅದು ಸಿಗುತ್ತದೆ. ಇದನ್ನು ವಿವರಿಸಲು ತಲೆಯ ಮೇಲೆ ಹೊರೆ ಹೊರುವವರು ಬಟ್ಟೆ ಸುತ್ತಿ ಇಟ್ಟುಕೊಳ್ಳುವ ಸಿಂಬಿಯ ಉದಾಹರಣೆ ಕೊಡುತ್ತೇವೆ. 200 ನ್ಯೂಟನ್ ತೂಕದ ಕೊಡ ತಲೆಯ 20 ಚದರ ಸೆಂಟಿಮೀಟರಿನಷ್ಟೇ ಜಾಗದ ಮೇಲೆ ಕೂತರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು 10 ನ್ಯೂಟನ್. ಸಿಂಬಿ ಇಟ್ಟು ಆ ಜಾಗವನ್ನು 100 ಚದರ ಸೆಂಟಿಮೀಟರಿಗೆ ಹಿಗ್ಗಿಸಿದರೆ ಬೀಳುವುದು 2 ನ್ಯೂಟನ್ ಮಾತ್ರ. ಕೊಡದ ನೀರು ಒಂದು ಹನಿಯೂ ಕಡಿಮೆಯಾಗಿಲ್ಲ, ಆದರೆ ಹೊರುವವರ ತಲೆ ನೋಯುವುದಿಲ್ಲ.

ಭೌತವಿಜ್ಞಾನದ ಈ ಪ್ರಮಾಣಕ್ಕೂ ಮನಸ್ಸಿನ ಸಂಕಟಕ್ಕೂ ಕನ್ನಡದಲ್ಲಿ ಒಂದೇ ಪದವಿದೆ. ಎರಡೂ ಒಂದೇ ಅಲ್ಲ, ಹೋಲಿಕೆ ಮಾತ್ರ. ಆದರೂ ಶಿಕ್ಷಕರಿಗೆ ಇದು ಉಪಯೋಗದ ಹೋಲಿಕೆ. ಮಗುವಿನ ತಲೆಯ ಮೇಲಿನ ಹೊರೆಯನ್ನು ನಾವು ಇಳಿಸಲಾರೆವು. ಪರೀಕ್ಷೆಯನ್ನು ಮುಂದೂಡಲಾರೆವು, ಪಠ್ಯವನ್ನು ಕತ್ತರಿಸಲಾರೆವು, ಮನೆಯ ಸ್ಥಿತಿಯನ್ನು ಬದಲಿಸಲಾರೆವು. ಆದರೆ ಆ ಹೊರೆ ಬೀಳುವ ಜಾಗವನ್ನು ಅಗಲ ಮಾಡುವುದು ನಮ್ಮ ಕೈಯಲ್ಲಿದೆ.

ಮನೋವಿಜ್ಞಾನದಲ್ಲೂ ಇದಕ್ಕೆ ಹತ್ತಿರದ ವಿಚಾರವಿದೆ. ರಿಚರ್ಡ್ ಲಜಾರಸ್ ಮತ್ತು ಸುಸಾನ್ ಫೋಕ್‌ಮನ್ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎದುರಿಗಿರುವ ಬೇಡಿಕೆ ತನ್ನ ಬಳಿಯಿರುವ ಶಕ್ತಿ, ಸಮಯ, ಸಹಾಯಗಳನ್ನು ಮೀರಿದೆ ಎಂದು ವ್ಯಕ್ತಿಗೆ ತೋರಿದಾಗ ಒತ್ತಡ ಹುಟ್ಟುತ್ತದೆ ಎಂದು ವಿವರಿಸಿದ್ದಾರೆ. ನಿಭಾಯಿಸುವ ದಾರಿಗಳನ್ನು ಅವರು ಎರಡಾಗಿ ವಿಂಗಡಿಸುತ್ತಾರೆ: ಸಮಸ್ಯೆಯನ್ನೇ ಕೈಗೆತ್ತಿಕೊಳ್ಳುವುದು ಮತ್ತು ಸಮಸ್ಯೆಯಿಂದ ಎದ್ದ ಭಾವನೆಯನ್ನು ಸಂಭಾಳಿಸುವುದು. ‘ಹೆದರಬೇಡ’ ಎಂಬ ಮಾತು ಎರಡನೆಯ ದಾರಿಗೆ ಸೇರಿದ್ದು. ಮೊದಲನೆಯ ದಾರಿ ಖಾಲಿಯಿದ್ದರೆ ಎರಡನೆಯದು ಹೆಚ್ಚು ದಿನ ನಡೆಯುವುದಿಲ್ಲ.

ಮೊದಲು ಹೊರೆಯನ್ನು ತೂಗೋಣ

ಮಕ್ಕಳ ತಲೆಯಲ್ಲಿರುವ ಹೊರೆ ಎಷ್ಟೋ ಸಲ ನಿಜವಾದ ಹೊರೆಗಿಂತ ದೊಡ್ಡದಾಗಿರುತ್ತದೆ. ಹತ್ತನೇ ತರಗತಿಯ ಮಗುವನ್ನು ಕೇಳಿದರೆ ‘625ಕ್ಕೆ ಬರೀಬೇಕು ಮಿಸ್’ ಎನ್ನುತ್ತದೆ. ನಮಗೆಲ್ಲ ಪರಿಚಿತವಾದ ಈ ಎಸ್‌ಎಸ್‌ಎಲ್‌ಸಿ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25 ಮತ್ತು ಉಳಿದವುಗಳ ತಲಾ 20 ಅಂಕಗಳು ಆಂತರಿಕ ಮೌಲ್ಯಮಾಪನದವು. ಅಂದರೆ 125 ಅಂಕಗಳು ವರ್ಷವಿಡೀ ತರಗತಿಯಲ್ಲೇ ಗಳಿಸುವಂಥವು. ಪರೀಕ್ಷಾ ಕೊಠಡಿಯಲ್ಲಿ ಬರೆಯಬೇಕಾದದ್ದು 500ಕ್ಕೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನು ಬಿಡಿಸಿ ಬರೆದ ದಿನ ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ಕೂತಿದ್ದೆ. ನನ್ನ ಪಕ್ಕದ ಹುಡುಗ ತನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ತನಗೆ ಈಗಾಗಲೇ ಬಂದಿರುವ ಆಂತರಿಕ ಅಂಕಗಳನ್ನು ಕೂಡಿಸುತ್ತಿದ್ದ. ಅಲ್ಲಿಯವರೆಗೆ ಆ ಅಂಕಗಳು ತನ್ನವೆಂದೇ ಅವನಿಗೆ ಅನ್ನಿಸಿದಂತಿರಲಿಲ್ಲ.

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. 2023-24ನೇ ಸಾಲಿನಿಂದ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಮೊದಲನೆಯದರಲ್ಲಿ ತೇರ್ಗಡೆಯಾಗದವರಷ್ಟೇ ಅಲ್ಲ, ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವವರೂ ಮುಂದಿನವನ್ನು ಬರೆಯಬಹುದು. ‘ಹಾಗೆ ಹೇಳಿದರೆ ಮಕ್ಕಳು ಸಡಿಲವಾಗುತ್ತಾರೆ’ ಎಂದು ಕೆಲವು ಶಿಕ್ಷಕರು ಅಂಜುತ್ತಾರೆ. ಓದುವ ಮಗು ಇದರಿಂದ ಓದುವುದನ್ನು ಬಿಡುವುದಿಲ್ಲ. ‘ಈ ಒಂದು ವಾರ ತಪ್ಪಿದರೆ ಬದುಕೇ ಮುಗಿಯಿತು’ ಎಂದುಕೊಂಡ ಮಗುವಿಗೆ ಮಾತ್ರ ಈ ಮಾಹಿತಿ ನಿಜಕ್ಕೂ ಬೇಕು. ಆ ಮಗು ಯಾವುದೆಂದು ನಮಗೆ ಮುಂಚಿತವಾಗಿ ಗೊತ್ತಿರುವುದಿಲ್ಲವಾದ್ದರಿಂದ ಎಲ್ಲರಿಗೂ ಹೇಳುವುದೇ ಸರಿ.

ದಿನಗಳ ಮೇಲೆ ಹರಡುವುದು

ಒತ್ತಡ ಹೆಚ್ಚುವ ಮೊದಲ ಕಾರಣ, ಓದು ಕೊನೆಯ ಕೆಲವೇ ದಿನಗಳ ಮೇಲೆ ಬೀಳುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದಂತೆ, ಕಲಿತದ್ದರಲ್ಲಿ ಬಹುಭಾಗ ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಬೇಗ ಮರೆತುಹೋಗುತ್ತದೆ. ನಂತರ ಮರೆಯುವ ವೇಗ ತಗ್ಗುತ್ತದೆ. ಬಿಟ್ಟು ಬಿಟ್ಟು ಮತ್ತೆ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಮಕ್ಕಳು ಇದಕ್ಕೆ ‘ಓದಿದ್ದೆಲ್ಲ ಮರ್ತೋಗುತ್ತೆ, ನನ್ನ ತಲೇಲಿ ನಿಲ್ಲಲ್ಲ’ ಎಂಬ ಅರ್ಥ ಹಚ್ಚಿಕೊಳ್ಳುತ್ತಾರೆ. ಮರೆವು ಎಲ್ಲರ ತಲೆಯ ಸ್ವಭಾವ, ನಿನ್ನೊಬ್ಬನ ದಡ್ಡತನವಲ್ಲ ಎಂದು ತಿಳಿಸುವುದೇ ಅರ್ಧ ಪರಿಹಾರ.

ಉಳಿದರ್ಧ, ನೆನಪಿಸಿಕೊಳ್ಳುವ ಅಭ್ಯಾಸ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗದ್ಯಭಾಗವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ಪುಸ್ತಕ ನೋಡದೆ ನೆನಪಾದದ್ದನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರದ ಬಳಿಕ ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪುಸ್ತಕ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದುವ ಮಗುವಿಗೆ ಆ ಹೊತ್ತಿಗೆ ಎಲ್ಲ ಬಂದಂತೆ ಅನ್ನಿಸುವುದು, ಪರೀಕ್ಷೆಯಲ್ಲಿ ಕೈಕೊಡುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇದನ್ನು ಪಾಠಯೋಜನೆಯಲ್ಲಿ ತರುವುದು ಸುಲಭ. ಪೂರ್ವಜ್ಞಾನ ಪರೀಕ್ಷಿಸಲು ನಾವು ಹೇಗೂ ಐದು ನಿಮಿಷ ಇಟ್ಟಿರುತ್ತೇವೆ. ಆ ಐದು ನಿಮಿಷಕ್ಕೆ ನಾಲ್ಕು ಪ್ರಶ್ನೆ ಬರೆದುಕೊಳ್ಳಿ: ಎರಡು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳಿನದ್ದು. ಮಕ್ಕಳು ಪುಸ್ತಕ ಮುಚ್ಚಿ ಉತ್ತರ ಬರೆಯಲಿ, ಆಮೇಲೆ ತಾವೇ ತಿದ್ದಿಕೊಳ್ಳಲಿ. ಅಂಕ ಕೊಡಬೇಡಿ, ಕೈ ಎತ್ತಿಸಿ ಎಣಿಸಬೇಡಿ. ಅಂಕ ಬಂದ ಕೂಡಲೇ ಅದು ಇನ್ನೊಂದು ಪರೀಕ್ಷೆಯಾಗಿ ಹೊರೆಗೆ ಸೇರಿಕೊಳ್ಳುತ್ತದೆ. ವಾರಕ್ಕೆ ಐದು ಅವಧಿ ಸಿಕ್ಕಿದರೆ ಒಂದು ತಿಂಗಳಲ್ಲಿ ಸುಮಾರು 80 ಪ್ರಶ್ನೆಗಳಾದವು. ಅಷ್ಟು ಪುನರಾವರ್ತನೆ ಮಗುವಿನ ಮನೆಯ ಸಮಯವನ್ನು ಮುಟ್ಟದೆ ನಡೆದಿರುತ್ತದೆ.

ತಲೆಯಿಂದ ಕಾಗದಕ್ಕೆ ಇಳಿಸುವುದು

ಎರಡನೆಯ ಕಾರಣ, ಎಲ್ಲವನ್ನೂ ತಲೆಯಲ್ಲೇ ಹೊತ್ತಿರುವುದು. ನಮ್ಮ ಕಾರ್ಯನಿರತ ಸ್ಮೃತಿ ಒಮ್ಮೆಗೆ ಕೆಲವೇ ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ‘ಗಣಿತ ಉಳಿದಿದೆ, ಇಂಗ್ಲಿಷ್ ಬರಲ್ಲ, ಅಪ್ಪ ಬಯ್ತಾರೆ, ಅವಳು ಮುಗಿಸಿದ್ದಾಳೆ’ ಎಂಬ ಚಿಂತೆಗಳೇ ಆ ಜಾಗವನ್ನು ತುಂಬಿಕೊಂಡರೆ ಎದುರಿನ ಲೆಕ್ಕಕ್ಕೆ ಜಾಗವೆಲ್ಲಿ? ಗೊತ್ತಿರುವ ಉತ್ತರವೂ ಪರೀಕ್ಷೆಯಲ್ಲಿ ಹೊಳೆಯದಿರುವುದಕ್ಕೆ ಇದೊಂದು ಕಾರಣ.

‘ಏನೂ ಬರಲ್ಲ ಸರ್’ ಎನ್ನುವ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಮೂರು ಕಾಲಂ ಎಳೆಸಿ: ‘ಬರುತ್ತದೆ’, ‘ಸ್ವಲ್ಪ ನೋಡಿದರೆ ಬರುತ್ತದೆ’, ‘ಬರುವುದಿಲ್ಲ’. ಪಠ್ಯಪುಸ್ತಕದ ಪರಿವಿಡಿ ನೋಡಿ ಒಂದೊಂದು ಪಾಠವನ್ನೂ ಯಾವುದಾದರೂ ಕಾಲಂನಲ್ಲಿ ಬರೆಯಲಿ. ನಾನು ನೋಡಿದ ತರಗತಿಗಳಲ್ಲಿ, ತೀರಾ ಹಿಂದುಳಿದವರೆಂದು ಹೆಸರಾದ ಮಕ್ಕಳ ಹಾಳೆಯಲ್ಲೂ ಮೊದಲ ಕಾಲಂ ಖಾಲಿ ಇದ್ದದ್ದು ಅಪರೂಪ. ನಡುವಿನ ಕಾಲಂ ಎಲ್ಲಕ್ಕಿಂತ ಉದ್ದವಾಗಿರುತ್ತದೆ, ಕೆಲಸ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಮೂರನೆಯ ಕಾಲಂ ಹಿಡಿದು ಹೊರಟ ಮಗು ಮೊದಲ ವಾರದಲ್ಲೇ ಸೋತು ಕೂರುತ್ತದೆ.

ಆಮೇಲೆ ಪಾಠವನ್ನು ಕೆಲಸಗಳಾಗಿ ಒಡೆಯಬೇಕು. ‘ಇವತ್ತು ವಿದ್ಯುಚ್ಛಕ್ತಿ ಓದಬೇಕು’ ಎಂಬುದು ಕೆಲಸವಲ್ಲ, ಅದು ಹೊರೆ. ಓಮ್‌ನ ನಿಯಮ ಬರೆದು ಮಂಡಲದ ಚಿತ್ರ ಬಿಡಿಸುವುದು ಒಂದು ಕೆಲಸ. ಸರಣಿ ಜೋಡಣೆಯ ಒಂದು ಲೆಕ್ಕ ಮಾಡುವುದು, ಸಮಾಂತರ ಜೋಡಣೆಯ ಒಂದು ಲೆಕ್ಕ ಮಾಡುವುದು, ಉಷ್ಣೋತ್ಪಾದನೆಯ ಸೂತ್ರ ಬರೆದು ಒಂದು ಲೆಕ್ಕಕ್ಕೆ ಅನ್ವಯಿಸುವುದು ಇನ್ನು ಮೂರು. ಒಂದೊಂದೂ 15-20 ನಿಮಿಷದಲ್ಲಿ ಮುಗಿಯುವಂಥದ್ದು, ಮುಗಿದಾಗ ಗೀಟು ಹಾಕಿ ಹೊಡೆದುಹಾಕುವಂಥದ್ದು. ಹೀಗೆ ಒಡೆದುಕೊಳ್ಳಲು ಮಕ್ಕಳಿಗೆ ತಾವಾಗಿಯೇ ಬರುವುದಿಲ್ಲ. ಘಟಕ ಯೋಜನೆ ಬರೆದು ಪಾಠವನ್ನು ಬೋಧನಾಂಶಗಳಾಗಿ ಒಡೆಯುವುದನ್ನು ಕಲಿತಿರುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಬರುತ್ತದೆ. ಅದನ್ನು ಮಗುವಿಗೂ ದಾಟಿಸಬೇಕು.

ಚಿಂತೆಯನ್ನೂ ಕಾಗದಕ್ಕೆ ಇಳಿಸಬಹುದು. ಜೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಭಯವನ್ನು ಬರೆದ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಹೆಚ್ಚು ಹೆದರುವವರಲ್ಲಿ, ಫಲಿತಾಂಶ ಸುಧಾರಿಸಿತ್ತು. ಪೂರ್ವಸಿದ್ಧತಾ ಪರೀಕ್ಷೆಯ ದಿನ ಇದನ್ನು ಮಾಡಿಸಿ ನೋಡಬಹುದು. ಬರೆದದ್ದನ್ನು ಯಾರೂ ಓದುವುದಿಲ್ಲ, ಹರಿದುಹಾಕಬಹುದು ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಜನರ ನಡುವೆ ಹಂಚುವುದು

ಮೂರನೆಯದು, ಮಗು ಒಂಟಿಯಾಗಿ ಹೊರುತ್ತಿರುವುದು. ಇದನ್ನು ತಿಳಿಯಲು ಪ್ರಶ್ನೆ ಕೇಳುವ ರೀತಿ ಬದಲಾಗಬೇಕು. ‘ಯಾಕೆ ಓದಲ್ಲ?’ ಎಂದರೆ ಮಗು ತಲೆ ತಗ್ಗಿಸುತ್ತದೆ, ಉತ್ತರ ಸಿಗುವುದಿಲ್ಲ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ‘ಹೋಂವರ್ಕ್ ಮಾಡಲ್ಲ, ಸೋಮಾರಿ’ ಎಂದು ಗುರುತಿಸಲಾಗಿದ್ದ ಹುಡುಗಿಯೊಡನೆ ನಮ್ಮ ಪ್ರಶಿಕ್ಷಣಾರ್ಥಿ ಮಾತಾಡಿದ್ದನ್ನು ಅವರ ಒಪ್ಪಿಗೆಯಿಂದ, ಗುರುತು ಬಿಟ್ಟು, ಇಲ್ಲಿ ಕೊಡುತ್ತೇನೆ.

“ಸ್ಕೂಲ್ ಬಿಟ್ಟ ಮೇಲೆ ಮಲಗೋವರೆಗೆ ಏನೇನು ಮಾಡ್ತೀಯಮ್ಮ? ಒಂದೊಂದಾಗಿ ಹೇಳು, ಬರ್ಕೋತೀನಿ.”

“ಬಸ್ ಇಳಿಯೋ ಹೊತ್ತಿಗೆ ಆರು ಗಂಟೆ ಮಿಸ್. ನೀರು ಹಿಡೀತೀನಿ. ಅಮ್ಮ ಗಾರ್ಮೆಂಟ್ಸಿಂದ ಬರೋದು ಏಳೂವರೆ. ಅಷ್ಟರೊಳಗೆ ಅನ್ನಕ್ಕಿಡಬೇಕು, ತಮ್ಮನ ಕೈಲಿ ಬರೆಸಬೇಕು.”

“ಆಮೇಲೆ?”

“ಊಟ ಆಗಿ ಪಾತ್ರೆ ತೊಳೆಯೋದ್ರೊಳಗೆ ಒಂಬತ್ತೂವರೆ ಆಗುತ್ತೆ. ಪುಸ್ತಕ ತೆಗೀತೀನಿ ಮಿಸ್... ನಿದ್ದೆ ಬಂದ್ಬಿಡುತ್ತೆ.”

“ಬಸ್ಸಿಗೆ ಎಷ್ಟು ಹೊತ್ತು ಕಾಯ್ತೀಯ?”

“ಮುಕ್ಕಾಲು ಗಂಟೆ. ನಮ್ಮೂರೋರು ಇನ್ನಿಬ್ಬರು ಇದ್ದಾರೆ.”

ಆ ಮುಕ್ಕಾಲು ಗಂಟೆ ಅಲ್ಲಿಯವರೆಗೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮೂವರೂ ಹುಡುಗಿಯರು ಬಸ್ ಬರುವವರೆಗೆ ಗ್ರಂಥಾಲಯದ ಕೋಣೆಯಲ್ಲಿ ಒಟ್ಟಿಗೆ ಕೂತು ಅಂದಿನ ಹೋಂವರ್ಕ್ ಮುಗಿಸುವಂತೆ ಆ ಪ್ರಶಿಕ್ಷಣಾರ್ಥಿ ಏರ್ಪಾಟು ಮಾಡಿದರು. ಕೆಲವು ವಾರಗಳ ಬಳಿಕ ನಾನು ಮತ್ತೆ ವೀಕ್ಷಣೆಗೆ ಹೋದಾಗ ಆ ಹುಡುಗಿ ಹೋಂವರ್ಕ್ ಪುಸ್ತಕ ಕೊಡುವವರ ಸಾಲಿನಲ್ಲಿದ್ದಳು. ಅವಳ ಮನೆಗೆಲಸ ಕಡಿಮೆಯಾಗಿರಲಿಲ್ಲ. ರಾತ್ರಿ ಒಂಬತ್ತೂವರೆಯ ಮೇಲೆ ಒಬ್ಬಳೇ ಹೊರಬೇಕಾಗಿದ್ದದ್ದು ಸಂಜೆಯ ಹೊತ್ತಿಗೆ ಮೂವರ ನಡುವೆ ಹಂಚಿಹೋಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆಯನ್ನು. ‘ಏನೇನು ಮಾಡ್ತೀಯ’ ಎಂಬ ಪ್ರಶ್ನೆಗೆ ತೀರ್ಪು ಅಂಟಿಕೊಂಡಿಲ್ಲ. ಉತ್ತರ ಕೇಳಿದ ಮೇಲೆ ಪ್ರಶಿಕ್ಷಣಾರ್ಥಿ ಅಯ್ಯೋ ಪಾಪ ಎನ್ನಲಿಲ್ಲ, ಉಪದೇಶವನ್ನೂ ಹೇಳಲಿಲ್ಲ. ಬಿಡುವಿನ ಜಾಗ ಎಲ್ಲಿದೆ ಎಂದು ಹುಡುಕಿದರು.

ಪೋಷಕರ ಸಭೆಯಲ್ಲೂ ಇದೇ ಕ್ರಮ ಒಳ್ಳೆಯದು. ‘ನಿಮ್ಮ ಮಗ ಹಿಂದೆ ಬಿದ್ದಿದ್ದಾನೆ’ ಎಂದರೆ ಅಂದು ರಾತ್ರಿ ಆ ಮನೆಯಲ್ಲಿ ಏನಾಗುತ್ತದೆಂದು ಊಹಿಸಬಹುದು. ‘ಪರೀಕ್ಷೆ ಮುಗಿಯೋವರೆಗೆ ರಾತ್ರಿ ಎಂಟರಿಂದ ಒಂಬತ್ತು ಅವನಿಗೆ ಕೆಲಸ ಹೇಳಬೇಡಿ ಅಣ್ಣ, ಟಿವಿಯನ್ನೂ ಆ ಹೊತ್ತು ಆರಿಸಿಬಿಡಿ’ ಎಂದರೆ ತಂದೆ ಮಾಡಬಹುದಾದ ಒಂದು ಕೆಲಸ ಸಿಕ್ಕಂತಾಯಿತು. ಓದುಬರಹ ಬಾರದ ತಂದೆತಾಯಿಗೂ ಅದು ಸಾಧ್ಯ.

ನಿದ್ದೆಯ ಲೆಕ್ಕ

‘ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದು’ ಎಂಬುದು ನಮ್ಮಲ್ಲಿ ತಲೆಮಾರುಗಳ ಬುದ್ಧಿವಾದ. ಎಂಟೂವರೆಗೆ ಊಟ ಮಾಡಿ ಒಂಬತ್ತಕ್ಕೆ ಮಲಗುತ್ತಿದ್ದ ಮನೆಗಳಲ್ಲಿ ಅದು ಏಳು ಗಂಟೆಯ ನಿದ್ದೆಯನ್ನಾದರೂ ಬಿಡುತ್ತಿತ್ತು. ಈಗ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವ ಮಗುವಿಗೆ ಸಿಗುವುದು ಐದು ಗಂಟೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾ ತಜ್ಞರ ಶಿಫಾರಸು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ನಿದ್ದೆ ಕತ್ತರಿಸಿ ಓದುವ ಮಗು ಒಂದು ಕಡೆ ತುಂಬಿ ಇನ್ನೊಂದು ಕಡೆ ಸೋರಿಸುತ್ತಿರುತ್ತದೆ. ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ ಎರಡನ್ನೂ ನಡೆಸುವ ಶಾಲೆಗಳಲ್ಲಿ ಈ ಲೆಕ್ಕವನ್ನು ಮಾರ್ಗದರ್ಶಕ ಶಿಕ್ಷಕರ ಮುಂದೆ ವಿನಯದಿಂದ ಇಡಬಹುದು.

ಮೊನೆ ಬೇಕಾದ ಜಾಗ

ಹಾಗಾದರೆ ಒತ್ತಡವೇ ಇರಬಾರದೇ? ಅದೇ ಎಂಟನೇ ತರಗತಿಯ ಪಾಠ ಇದಕ್ಕೂ ಉತ್ತರ ಹೇಳುತ್ತದೆ. ಕುಡುಗೋಲಿನ ಅಂಚು ತೆಳುವಾಗಿರುವುದರಿಂದಲೇ ಅದು ಕೊಯ್ಯುತ್ತದೆ. ಎದುರಿಗಿರುವ ಒಂದು ಲೆಕ್ಕದ ಮೇಲೆ ಹತ್ತು ನಿಮಿಷ ಗಮನವನ್ನೆಲ್ಲ ಇಡುವುದು, ಗಡಿಯಾರ ಇಟ್ಟುಕೊಂಡು ಒಂದು ಪ್ರಶ್ನೆಪತ್ರಿಕೆ ಬಿಡಿಸುವುದು, ಇವೆಲ್ಲ ಬೇಕಾದ ಒತ್ತಡಗಳು. ಸ್ವಲ್ಪವೂ ತಾಗದ ಮಗು ಪುಸ್ತಕ ತೆರೆಯುವುದಿಲ್ಲ. ಬೇಕಾದ ಒತ್ತಡಕ್ಕೆ ಒಂದು ಕೆಲಸವಿರುತ್ತದೆ, ಒಂದು ಅವಧಿಯಿರುತ್ತದೆ, ಆಮೇಲೆ ಅದು ಇಳಿಯುತ್ತದೆ. ಬೇಡದ ಒತ್ತಡಕ್ಕೆ ಈ ಮೂರೂ ಇರುವುದಿಲ್ಲ. ‘ಪಕ್ಕದ ಶಾಲೆಯ ಫಲಿತಾಂಶ ನೋಡಿ’, ‘ನಿಮ್ಮ ಅಕ್ಕ ಡಿಸ್ಟಿಂಕ್ಷನ್ ತಗೊಂಡಿದ್ದಳು’ ಎಂಬ ಮಾತುಗಳನ್ನು ಈ ಅಳತೆಗೆ ಹಿಡಿದು ನೋಡಿ. ಅದರಿಂದ ಮಗುವಿಗೆ ಮಾಡಲು ಯಾವ ಕೆಲಸವೂ ಸಿಗುವುದಿಲ್ಲ.

ಸಿಂಬಿ ಸಾಲದಾದಾಗ

ಕೆಲವು ಹೊರೆಗಳು ತರಗತಿಯಲ್ಲಿ ಹಂಚಲಾಗದಂಥವು. ವಾರಗಟ್ಟಲೆ ಮಂಕಾಗಿರುವುದು, ಊಟ-ನಿದ್ದೆ ಕೆಡುವುದು, ಮೊದಲು ಇಷ್ಟಪಡುತ್ತಿದ್ದ ಆಟ-ಗೆಳೆತನ ಬಿಡುವುದು, ಕಾರಣವಿಲ್ಲದೆ ಶಾಲೆ ತಪ್ಪಿಸುವುದು, ಮೈ ಮೇಲೆ ಗಾಯದ ಗುರುತು, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂಬಂಥ ಮಾತು: ಇವುಗಳಲ್ಲಿ ಯಾವುದು ಕಂಡರೂ ಪ್ರಶಿಕ್ಷಣಾರ್ಥಿ ತಾನೊಬ್ಬರೇ ನಿಭಾಯಿಸಲು ಹೋಗಬಾರದು.

ಮಾಡಬೇಕಾದದ್ದು ಇಷ್ಟು. ಮಗುವನ್ನು ಏಕಾಂತದಲ್ಲಿ, ಆದರೆ ಬೇರೆಯವರ ಕಣ್ಣಿಗೆ ಕಾಣುವಂಥ ಜಾಗದಲ್ಲಿ ಕೂರಿಸಿಕೊಂಡು ಮಾತಾಡಿಸಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಮಾರ್ಗದರ್ಶಕ ಶಿಕ್ಷಕರಿಗೆ ಮತ್ತು ಮುಖ್ಯೋಪಾಧ್ಯಾಯರಿಗೆ ತಿಳಿಸಿ. ‘ಯಾರಿಗೂ ಹೇಳಲ್ಲ’ ಎಂಬ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ತರಗತಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಹೇಳಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಕಡ್ಡಾಯ. ಮನೆಯವರೇ ಸಂಕಟಕ್ಕೆ ಕಾರಣವಿರಬಹುದಾದ ಸಂದರ್ಭದಲ್ಲಿ ಯಾರಿಗೆ ಮೊದಲು ಹೇಳಬೇಕೆಂಬುದನ್ನು ಮುಖ್ಯೋಪಾಧ್ಯಾಯರೊಡನೆ ಕೂತು ನಿರ್ಧರಿಸಬೇಕು.

ಪ್ರಶಿಕ್ಷಣಾರ್ಥಿಯೂ ವಿದ್ಯಾರ್ಥಿಯೇ

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯೊಡನೆ 20 ವಾರಗಳ ಒಡನಾಟವಿದೆ: ಮೊದಲ ವರ್ಷ 4, ಎರಡನೆಯ ವರ್ಷ 16. ಈ ವಾರಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಹಗಲು ಪಾಠ ಮಾಡಿ ರಾತ್ರಿ ಪಾಠಯೋಜನೆ, ಬೋಧನೋಪಕರಣ, ದಿನಚರಿ, ವೀಕ್ಷಣಾ ದಾಖಲೆ, ಪ್ರಶ್ನೆಪತ್ರಿಕೆಯ ನೀಲಿನಕ್ಷೆ ಇವನ್ನೆಲ್ಲ ಸಿದ್ಧಪಡಿಸುತ್ತಾರೆ. ಹಲವರಿಗೆ ಮನೆ, ಮಕ್ಕಳು, ದೂರದ ಪ್ರಯಾಣವೂ ಇರುತ್ತದೆ. ತನ್ನ ಒತ್ತಡವನ್ನೇ ಬಿಡಿಸಿ ನೋಡಲು ಬಾರದವರು ಮಗುವಿನದನ್ನು ಬಿಡಿಸಲಾರರು. ಆದ್ದರಿಂದ ಮೂರು ಕಾಲಂಗಳ ಹಾಳೆಯನ್ನು ಮೊದಲು ತಮ್ಮ ದಾಖಲೆಗಳಿಗೇ ಬರೆದುಕೊಳ್ಳಲಿ. ಒಂದೇ ಶಾಲೆಗೆ ಹೋಗುವವರು ಬೋಧನೋಪಕರಣಗಳನ್ನು ಹಂಚಿಕೊಳ್ಳಲಿ. ಪಾಠ ಕೆಟ್ಟ ದಿನ ಒಬ್ಬ ಸಹಪಾಠಿಗಾದರೂ ಹೇಳಿಕೊಳ್ಳಲಿ.

ಬೋಧಕ ಮಿತ್ರರಿಗೂ ಒಂದು ಮಾತು. ಎಲ್ಲ ವಿಧಾನಗಳ ದಾಖಲೆಗಳೂ ಕೊನೆಯ ಒಂದೇ ವಾರದಲ್ಲಿ ಬರಬೇಕೆಂದು ಹೇಳಿದರೆ ಅದೇ ಬಲವನ್ನು ಅತಿ ಸಣ್ಣ ಜಾಗದ ಮೇಲೆ ಇಟ್ಟಂತೆ. ಇಂಟರ್ನ್‌ಶಿಪ್ ಆರಂಭವಾಗುವ ಮೊದಲೇ ಬೋಧಕರೆಲ್ಲ ಒಟ್ಟಿಗೆ ಕೂತು, ಯಾವ ದಾಖಲೆ ಯಾವ ವಾರ ಎಂದು ಹದಿನಾರು ವಾರಗಳ ಒಂದೇ ಪಟ್ಟಿ ಮಾಡಿ ಸೂಚನಾ ಫಲಕಕ್ಕೆ ಹಾಕಬಹುದು. ವೀಕ್ಷಣೆಯ ಬಳಿಕ ಹತ್ತು ದೋಷ ಬರೆಯುವ ಬದಲು ಮುಂದಿನ ಪಾಠದಲ್ಲಿ ತಿದ್ದಿಕೊಳ್ಳಬೇಕಾದ ಎರಡನ್ನು ಮಾತ್ರ ಬರೆಯಬಹುದು. ಕಾಲೇಜಿನಲ್ಲಿ ತಾವು ಅನುಭವಿಸಿದ ರೀತಿಯನ್ನೇ ಪ್ರಶಿಕ್ಷಣಾರ್ಥಿಗಳು ಶಾಲೆಗೆ ಕೊಂಡೊಯ್ಯುತ್ತಾರೆ.

ಮುಂದಿನ ತಂಡಕ್ಕೆ ಒಂದು ಕ್ರಮ

ಹದಿನಾರು ವಾರಗಳಲ್ಲಿ ಇದನ್ನೆಲ್ಲ ಹೀಗೆ ಹಾಕಿಕೊಳ್ಳಬಹುದು. ಮೊದಲ ವಾರ ಅಂಕಗಳ ಲೆಕ್ಕವನ್ನೂ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನೂ ತರಗತಿಗೆ ವಿವರಿಸುವುದು. ಎರಡನೆಯ ವಾರದಿಂದ ಪ್ರತಿ ಅವಧಿಗೆ ನಾಲ್ಕು ಪ್ರಶ್ನೆ. ಮೂರನೆಯ ವಾರ ಮೂರು ಕಾಲಂಗಳ ಹಾಳೆ, ತಿಂಗಳಿಗೊಮ್ಮೆ ಅದರ ಪರಿಷ್ಕರಣೆ. ನಾಲ್ಕನೆಯ ವಾರದಿಂದ ದಿನಕ್ಕೆ ಒಂದು ಮಗುವಿನೊಡನೆ ಐದು ನಿಮಿಷ ‘ಏನೇನು ಮಾಡ್ತೀಯ’ ಎಂಬ ಮಾತುಕತೆ. 40 ಮಕ್ಕಳ ತರಗತಿಯಾದರೆ ವಾರಕ್ಕೆ ಐದರಂತೆ ಎಂಟು ವಾರಗಳಲ್ಲಿ ಎಲ್ಲರ ಸರದಿ ಮುಗಿಯುತ್ತದೆ. ಮಾತಾಡದೆ ಸುಮ್ಮನಿರುವ, ಯಾವ ದೂರೂ ಇಲ್ಲದ, ಚೆನ್ನಾಗಿ ಓದುವ ಮಕ್ಕಳನ್ನೂ ಆ ಸರದಿಯಿಂದ ಬಿಡಬೇಡಿ. ಅವರ ತಲೆಯ ಮೇಲೆ ಏನಿದೆ ಎಂದು ಕೇಳುವವರು ಹೆಚ್ಚಾಗಿ ಇರುವುದಿಲ್ಲ.